ಬ್ರೆಡ್ಡು, ಆಲೂಗಡ್ಡೆ ಮತ್ತು ಔಷಧಿ ಬಿಲ್ಲು: ಸೌತ್‌ಪೋರ್ಟ್‌ನ ಒಂದು ಕ್ಲಿನಿಕ್ಕಿನ ಪ್ರಕರಣ

ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಉತ್ತರಕ್ಕೆ, ಸಮುದ್ರದ ದಡದಲ್ಲಿ ಸೌತ್‌ಪೋರ್ಟ್ ಎಂಬ ಊರಿದೆ. ಅಲ್ಲಿ ನಾರ್ವುಡ್ ಎನ್ನುವ ಒಂದು ಜಿಪಿ ಕ್ಲಿನಿಕ್ಕು. ಜಿಪಿ ಅಂದರೆ ಫ್ಯಾಮಿಲಿ ಡಾಕ್ಟರು. 2022ರ ಜನವರಿಗೆ ಮುಗಿದ ವರ್ಷದಲ್ಲಿ ಸಕ್ಕರೆ ಕಾಯಿಲೆಯ ಔಷಧಿಗೆ ಈ ಕ್ಲಿನಿಕ್ಕು ಮಾಡಿದ ಖರ್ಚು, ಸುತ್ತಲಿನ ಕ್ಲಿನಿಕ್ಕುಗಳ ಸರಾಸರಿಗಿಂತ 68,353 ಪೌಂಡ್ ಕಡಿಮೆ ಇತ್ತು.

ಇದಕ್ಕೆ ಯಾವ ಹೊಸ ಔಷಧಿಯೂ ಕಾರಣವಲ್ಲ. ಖರ್ಚು ಇಳಿಸಿ ಅಂತ ಮೇಲಿನಿಂದ ಆದೇಶ ಬಂದಿತ್ತು ಅಂತಲೂ ಅಲ್ಲ. ಅಲ್ಲಿನ ರೋಗಿಗಳಲ್ಲಿ ಒಂದಷ್ಟು ಜನ ದಿನಾ ತಿನ್ನುವುದನ್ನು ಬದಲಾಯಿಸಿಕೊಂಡರು. ಡಾಕ್ಟರು ಅದಕ್ಕೆ ತಕ್ಕ ಹಾಗೆ ಮಾತ್ರೆ ಇಳಿಸುತ್ತಾ ಬಂದರು. ಹೀಗೆ ಹೇಳಿದರೆ ತುಂಬಾ ಸುಲಭ ಅನಿಸುತ್ತದೆ. ಆದರೆ ಇದು ಎಂಟು ವರ್ಷಕ್ಕೂ ಜಾಸ್ತಿ ಹಿಡಿದ ಕೆಲಸ. ಯಾರಿಗೆ ಫಲ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಉಳಿದ ದುಡ್ಡು ಯಾರ ಲೆಕ್ಕಕ್ಕೆ ಹೋಯಿತು ಎನ್ನುವುದನ್ನೆಲ್ಲ ಬಿಡಿಸಿ ನೋಡಬೇಕು. ಈ ಕ್ಲಿನಿಕ್ಕಿನವರು ಮೊದಲಿನಿಂದ ಲೆಕ್ಕ ಇಟ್ಟಿದ್ದಾರೆ, ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ, ಬೇರೆಯವರು ಪ್ರಶ್ನೆ ಕೇಳುವುದಕ್ಕೆ ಅವಕಾಶ ಕೊಟ್ಟಿದ್ದಾರೆ. ನಾನು ಈ ಪ್ರಕರಣವನ್ನೇ ಆರಿಸಿಕೊಂಡಿದ್ದು ಅದಕ್ಕಾಗಿ.

ಮೊದಲು ಹೇಗಿತ್ತು

ಡೇವಿಡ್ ಅನ್ವಿನ್ 1986ರಿಂದ ಈ ಕ್ಲಿನಿಕ್ಕಿನ ಡಾಕ್ಟರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಜನ ತಮ್ಮ ಹೆಸರನ್ನು ಒಂದು ಜಿಪಿ ಕ್ಲಿನಿಕ್ಕಿನ ಪಟ್ಟಿಯಲ್ಲಿ ಬರೆಸಿರುತ್ತಾರೆ. ನೆಗಡಿಯಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಮೊದಲು ಹೋಗುವುದು ಅಲ್ಲಿಗೇ. ನಾರ್ವುಡ್‌ನ ಪಟ್ಟಿಯಲ್ಲಿ ಹತ್ತಿರ ಹತ್ತಿರ 10,000 ಜನ ಇದ್ದಾರೆ.

ಅನ್ವಿನ್ ಸೇರಿದ ಹೊಸದರಲ್ಲಿ ಅಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಇದ್ದವರು 57 ಜನ. 2012ರ ಹೊತ್ತಿಗೆ ಅದು 472. ಎಂಟು ಪಟ್ಟು ಜಾಸ್ತಿ! ವಯಸ್ಸೂ ಇಳಿಯುತ್ತಾ ಬಂದಿತ್ತು. ಮೊದಲು ವಯಸ್ಸಾದವರಿಗೆ ಬರುವ ಕಾಯಿಲೆ ಅಂದುಕೊಂಡಿದ್ದು, ನಡುವಯಸ್ಸಿನವರಲ್ಲಿ, ಇನ್ನೂ ಚಿಕ್ಕವರಲ್ಲಿ ಕಾಣಿಸಿಕೊಳ್ಳತೊಡಗಿತ್ತು.

ಚಿಕಿತ್ಸೆ ಎಲ್ಲ ಕಡೆ ಇರುವ ಹಾಗೇ ಇತ್ತು. ಮೊದಲು ಮೆಟ್‌ಫಾರ್ಮಿನ್. ಅದು ಸಾಲದಾದಾಗ ಗ್ಲಿಕ್ಲಜೈಡ್ ತರಹದ್ದು. ಆಮೇಲೆ ಗ್ಲಿಪ್ಟಿನ್, ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆ, ಜಿಎಲ್‌ಪಿ-1 ಚುಚ್ಚುಮದ್ದು, ಕೊನೆಗೆ ಇನ್ಸುಲಿನ್. ಮೆಟ್ಟಿಲು ಹತ್ತಿದ ಹಾಗೆ ಒಂದಾದ ಮೇಲೆ ಒಂದು. ಕೆಳಗೆ ಇಳಿದವರನ್ನು ತಾನು ಕಂಡೇ ಇರಲಿಲ್ಲ ಅಂತ ಅನ್ವಿನ್ ಹಲವು ಕಡೆ ಹೇಳಿದ್ದಾರೆ. ಇಪ್ಪತ್ತೈದು ವರ್ಷದ ವೃತ್ತಿಯಲ್ಲಿ ಟೈಪ್ 2 ಕಾಯಿಲೆಯಿಂದ ಔಷಧಿ ಇಲ್ಲದೆ ಹೊರಬಂದ ಒಬ್ಬ ರೋಗಿಯೂ ಇರಲಿಲ್ಲವಂತೆ. ಬೇಗ ನಿವೃತ್ತಿ ತೆಗೆದುಕೊಂಡುಬಿಡೋಣ ಅನ್ನುವ ಯೋಚನೆಯೂ ಅವರಿಗೆ ಬಂದಿತ್ತು.

ಈ ದಾರಿಯಲ್ಲಿ ಇನ್ನೊಂದು ಗಂಟು ಇದೆ. ಗ್ಲಿಕ್ಲಜೈಡ್ ಗುಂಪಿನ ಮಾತ್ರೆ ಮತ್ತು ಇನ್ಸುಲಿನ್ ಎರಡೂ ಸಾಮಾನ್ಯವಾಗಿ ತೂಕ ಏರಿಸುತ್ತವೆ. ತೂಕ ಏರಿದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಔಷಧಿ ಇನ್ನೂ ಜಾಸ್ತಿ ಬೇಕಾಗುತ್ತದೆ. ಜೊತೆಗೆ ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ. ಒಬ್ಬರ ಹೆಸರಿನ ಚೀಟಿ ವರ್ಷದಿಂದ ವರ್ಷಕ್ಕೆ ಉದ್ದ ಆಗುತ್ತಾ ಹೋಗುವುದು ಹೀಗೆ.

ಒಬ್ಬ ರೋಗಿಯ ಪ್ರಶ್ನೆ

2012ರಲ್ಲಿ ಒಬ್ಬ ಮಹಿಳೆ ಮೆಟ್‌ಫಾರ್ಮಿನ್ ತೆಗೆದುಕೊಂಡು ಹೋಗುವುದನ್ನು ನಿಲ್ಲಿಸಿದ್ದರು. ಮಾತ್ರೆ ಬಿಟ್ಟಿದ್ದಾರೆ, ಸಕ್ಕರೆ ಏರಿರುತ್ತದೆ ಅಂದುಕೊಂಡೇ ಅನ್ವಿನ್ ಆಕೆಯನ್ನು ಕರೆಸಿದರು. ಬಂದವರನ್ನು ನೋಡಿದರೆ ಗುರುತೇ ಸಿಗದಷ್ಟು ಇಳಿದಿದ್ದರು. ರಕ್ತ ಪರೀಕ್ಷೆಯೂ ಚೆನ್ನಾಗಿತ್ತು. ಅವರು ಇಂಟರ್ನೆಟ್‌ನಲ್ಲಿ ತಮ್ಮಂಥ ಬೇರೆ ರೋಗಿಗಳಿಂದ ವಿಷಯ ತಿಳಿದುಕೊಂಡು, ಸಕ್ಕರೆಯ ಜೊತೆಗೆ ಬ್ರೆಡ್ಡು, ಆಲೂಗಡ್ಡೆ, ಅನ್ನ, ಪಾಸ್ತಾ ಎಲ್ಲವನ್ನೂ ಬಿಟ್ಟಿದ್ದರು.

ಖುಷಿಯಿಂದ ಬಂದಿರಲಿಲ್ಲ ಅವರು. ಕೋಪದಿಂದಲೇ ಕೇಳಿದರಂತೆ: ಸಕ್ಕರೆ ಒಳ್ಳೆಯದಲ್ಲ ಅಂತ ಗೊತ್ತಿತ್ತಲ್ಲ, ಹಾಗಾದರೆ ಬ್ರೆಡ್ಡು ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ ಅಂತ ಇಷ್ಟು ವರ್ಷದಲ್ಲಿ ಒಂದು ಸಲವೂ ಯಾಕೆ ಹೇಳಲಿಲ್ಲ? ಅನ್ವಿನ್ ಹತ್ತಿರ ಉತ್ತರ ಇರಲಿಲ್ಲ. ಮೆಡಿಕಲ್ ಓದಿದ ಯಾರಿಗಾದರೂ ಗೊತ್ತಿರುವ ವಿಷಯವೇ ಅದು. ಪಿಷ್ಟ ಅಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಬಾಯಿಯಲ್ಲೇ ಅದು ತುಂಡಾಗಲು ಶುರುವಾಗುತ್ತದೆ, ಕರುಳಿನಲ್ಲಿ ಪೂರ್ತಿ ಬಿಡಿಬಿಡಿಯಾಗಿ ರಕ್ತಕ್ಕೆ ಸೇರುತ್ತದೆ. ಆದರೆ ಆ ತಿಳಿವಳಿಕೆ ರೋಗಿಯ ಊಟದ ತಟ್ಟೆಯ ತನಕ ಬಂದಿರಲಿಲ್ಲ.

ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವುದು ಈ ಭೇಟಿಯೇ. ಕ್ಲಿನಿಕ್ಕಿನ ದಾಖಲೆಯಲ್ಲಿ ಆಕೆ ಮಾತ್ರೆ ತೆಗೆದುಕೊಳ್ಳದ ರೋಗಿ. ಒಂದು ನೆನಪೋಲೆ ಕಳಿಸಿ, ಮತ್ತೆ ಮಾತ್ರೆ ಶುರು ಮಾಡಿ ಅಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಎದುರು ಕೂರಿಸಿಕೊಂಡು ಕೇಳಿದ್ದರಿಂದ ಮುಂದಿನದೆಲ್ಲ ಆಯಿತು.

ಅವರು ಮಾಡಿದ್ದೇನು

2013ರಲ್ಲಿ ಸಣ್ಣದಾಗಿ ಶುರು ಮಾಡಿದರು. ಸಂಜೆ ಹೊತ್ತು, ಕೆಲಸ ಮುಗಿದ ಮೇಲೆ, ಆಸಕ್ತಿ ಇದ್ದ ರೋಗಿಗಳನ್ನು ಗುಂಪಾಗಿ ಸೇರಿಸಿದರು. ಮನೆಯವರೂ ಬರಬಹುದು. ಅಡುಗೆ ಮಾಡುವವರು ಒಬ್ಬರು, ತಿನ್ನುವವರು ಇನ್ನೊಬ್ಬರು ಆದಾಗ ರೋಗಿಗೆ ಮಾತ್ರ ಹೇಳಿ ಏನು ಉಪಯೋಗ, ಅಲ್ವಾ? ಅನ್ವಿನ್ ಅವರ ಹೆಂಡತಿ ಜೆನ್ ಅನ್ವಿನ್ ಆರೋಗ್ಯ ಮನಶ್ಶಾಸ್ತ್ರಜ್ಞೆ. ಅವರೂ ಜೊತೆಗೆ ನಿಂತರು.

ಹೇಳಿದ ಊಟ ಹೀಗಿತ್ತು. ಸಕ್ಕರೆ ಬೇಡ. ಬ್ರೆಡ್ಡು, ಆಲೂಗಡ್ಡೆ, ಅನ್ನ, ಪಾಸ್ತಾ, ಬೆಳಗ್ಗೆ ತಿನ್ನುವ ಸೀರಿಯಲ್ ಇವುಗಳನ್ನು ಆದಷ್ಟು ಕಡಿಮೆ ಮಾಡಿ. ಹಸಿರು ತರಕಾರಿ ತಟ್ಟೆ ತುಂಬ ಹಾಕಿಕೊಳ್ಳಿ. ಮೊಟ್ಟೆ, ಮೀನು, ಮಾಂಸ, ಸಿಹಿ ಹಾಕದ ಮೊಸರು, ಬೀಜಗಳು ಇರಲಿ. ಹಣ್ಣಿನಲ್ಲಿ ಬಾಳೆಹಣ್ಣಿಗಿಂತ ಬೆರ್ರಿ ಒಳ್ಳೆಯದು. ಕ್ಯಾಲೊರಿ ಎಣಿಸುವ ಕೆಲಸ ಇಲ್ಲ. ಹಸಿವು ಇಟ್ಟುಕೊಂಡು ಏಳುವುದೂ ಬೇಡ.

ಒಂದು ತಿನಿಸು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎನ್ನುವುದಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ಇದೆ. ಆ ಹೆಸರು ಹೇಳಿದರೆ ಜನಕ್ಕೆ ಏನೂ ಅರ್ಥ ಆಗುತ್ತಿರಲಿಲ್ಲ. ಹಾಗಾಗಿ ಅನ್ವಿನ್ ಅದನ್ನು ಸಕ್ಕರೆ ಚಮಚಕ್ಕೆ ಇಳಿಸಿ ಚಿತ್ರದ ಚಾರ್ಟು ಮಾಡಿದರು. ಯಾವ ತಿನಿಸು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೋ, ಅಷ್ಟೇ ಏರಿಸಲು 4 ಗ್ರಾಂನ ಎಷ್ಟು ಚಮಚ ಸಕ್ಕರೆ ಬೇಕು ಎನ್ನುವ ಲೆಕ್ಕ. 150 ಗ್ರಾಂ ಬೆಂದ ಬಿಳಿ ಅನ್ನಕ್ಕೆ ಸುಮಾರು 10 ಚಮಚ. ಅಷ್ಟೇ ತೂಕದ ಬೇಯಿಸಿದ ಆಲೂಗಡ್ಡೆಗೆ 9. ಒಂದು ಬಾಳೆಹಣ್ಣಿಗೆ ಹೆಚ್ಚುಕಮ್ಮಿ 6. ಕಂದು ಬ್ರೆಡ್ಡಿನ ಚಿಕ್ಕದೊಂದು ತುಂಡಿಗೆ 3. ಬ್ರೊಕೊಲಿಗೆ ಒಂದು ಚಮಚದ ಕಾಲು ಭಾಗವೂ ಇಲ್ಲ. ಮೊಟ್ಟೆಗೆ ಸೊನ್ನೆ.

ಈ ಚಾರ್ಟನ್ನು ಮುಂದೆ ಇಟ್ಟುಕೊಂಡು ಕೂತಾಗ ಆಗುವುದನ್ನು ಸುಮ್ನೆ ಊಹಿಸಿ ನೋಡಿ. ಟೀಗೆ ಸಕ್ಕರೆ ಬಿಟ್ಟು ಎಷ್ಟೋ ವರ್ಷ ಆಗಿರುವ ಒಬ್ಬರು, ಎರಡು ಹೋಳು ಕಂದು ಬ್ರೆಡ್ಡು ಆರೋಗ್ಯಕ್ಕೆ ಒಳ್ಳೆಯದು ಅಂತ ದಿನಾ ತಿನ್ನುತ್ತಿರುತ್ತಾರೆ. ಆರು ಚಮಚ ಅಂತ ಅಲ್ಲಿ ಚಿತ್ರದಲ್ಲೇ ಇದೆ. ಡಾಕ್ಟರು ಬೈಯಬೇಕಾಗಿಲ್ಲ, ಹೆದರಿಸಬೇಕಾಗಿಲ್ಲ. ಅವರೇ ಲೆಕ್ಕ ಹಾಕುತ್ತಾರೆ. ಬೆಳಗ್ಗಿನದು ಇಷ್ಟು, ಮಧ್ಯಾಹ್ನದ ಆಲೂಗಡ್ಡೆ ಇಷ್ಟು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆಯಾದ ನೈಸ್ ಮುಂದೆ ಈ ಚಾರ್ಟುಗಳಿಗೆ ಮನ್ನಣೆ ಕೊಟ್ಟಿತು. ಇವು ಹಲವು ಭಾಷೆಗಳಲ್ಲಿ ಸಿಗುತ್ತವೆ.

ಮಾತಾಡುವ ರೀತಿಯನ್ನೂ ಬದಲಿಸಿದರು. ನಿಮ್ಮ ಶುಗರ್ ಇಷ್ಟಿದೆ, ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಅಂತ ಶುರು ಮಾಡುತ್ತಿರಲಿಲ್ಲ. ನಿಮಗೆ ಏನು ಆಗಬೇಕು ಅಂತ ಕೇಳುತ್ತಿದ್ದರು. ಮೊಮ್ಮಕ್ಕಳ ಜೊತೆ ಆಡಬೇಕು, ಮಂಡಿ ನೋವು ಕಡಿಮೆ ಆಗಬೇಕು, ಮಾತ್ರೆ ಕಡಿಮೆ ಆಗಬೇಕು. ಏನಾದರೂ ಒಂದು ಇದ್ದೇ ಇರುತ್ತದೆ. ಅದಕ್ಕೆ ಅವರ ಹತ್ತಿರ ಈಗಾಗಲೇ ಇರುವ ಬಲ ಯಾವುದು, ಮುಂದಿನ ಚಿಕ್ಕ ಹೆಜ್ಜೆ ಯಾವುದು, ಮುಂದಿನ ಸಲ ಬಂದಾಗ ಏನು ಬದಲಾಗಿದೆ ಅಂತ ಗಮನಿಸುವುದು. ತೂಕ, ಸೊಂಟದ ಅಳತೆ, ಬಿಪಿ, ಲಿವರ್ ಪರೀಕ್ಷೆ ಎಲ್ಲ ನೋಡಿ ಅವರಿಗೇ ತೋರಿಸುತ್ತಿದ್ದರು. ಎಷ್ಟೋ ಜನರಲ್ಲಿ ಲಿವರ್‌ನ ಕೊಬ್ಬು ಇಳಿದದ್ದರ ಗುರುತು ಬೇಗನೆ ಕಾಣುತ್ತಿತ್ತು. ಅದನ್ನು ನೋಡಿದವರಿಗೆ ಮುಂದುವರಿಸುವ ಹುಮ್ಮಸ್ಸು ಬರುತ್ತಿತ್ತು.

ಹೊಸದಾಗಿ ಕಾಯಿಲೆ ಪತ್ತೆಯಾದವರಿಗೆ ಇನ್ನೊಂದು ಪ್ರಶ್ನೆ. ಜೀವನ ಪೂರ್ತಿ ಮಾತ್ರೆ ಶುರು ಮಾಡೋಣವಾ, ಇಲ್ಲ ಮೊದಲು ಊಟ ಬದಲಿಸಿ ನೋಡೋಣವಾ? ಎರಡೂ ದಾರಿ ಇದೆ ಅಂತ ಹೇಳಿ, ಆಯ್ಕೆ ಅವರಿಗೇ ಬಿಡುತ್ತಿದ್ದರು.

ಲೆಕ್ಕ ಏನು ಹೇಳುತ್ತದೆ

ಮೊದಲ ಗುಂಪಿನಲ್ಲಿ ಇದ್ದವರು 19 ಜನ. ಎಂಟು ತಿಂಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ನಡುವೆ ಬಿಟ್ಟುಹೋದವರು ಒಬ್ಬರೇ. ಸರಾಸರಿ ತೂಕ 100 ಕೆಜಿಯಿಂದ 91ಕ್ಕೆ ಇಳಿದಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ನಮಗೆ ಪರಿಚಯದ ಲೆಕ್ಕದಲ್ಲಿ ಹೇಳುವುದಾದರೆ, 6.8ರಿಂದ 5.8ಕ್ಕೆ ಬಂದಿತ್ತು. ಚಿಕ್ಕ ಗುಂಪು, ಕಾಯಿಲೆಯ ಅಂಚಿನಲ್ಲಿ ಇದ್ದವರೂ ಸೇರಿದ್ದರು. ಇದರಿಂದ ದೊಡ್ಡ ತೀರ್ಮಾನ ಮಾಡುವ ಹಾಗಿರಲಿಲ್ಲ. ಆದರೆ ಮುಂದುವರಿಸಲು ಧೈರ್ಯ ಕೊಟ್ಟಿತು.

2020ರಲ್ಲಿ ಆರು ವರ್ಷದ ಲೆಕ್ಕ ಬಂತು. ಕ್ಲಿನಿಕ್ಕಿನ ಟೈಪ್ 2 ರೋಗಿಗಳಲ್ಲಿ 128 ಜನ, ಅಂದರೆ ಶೇಕಡಾ 27ರಷ್ಟು, ಈ ಊಟವನ್ನು ಆರಿಸಿಕೊಂಡಿದ್ದರು. ಸರಾಸರಿ 23 ತಿಂಗಳು ಮಾಡಿದ್ದರು. ಅವರಲ್ಲಿ ಶೇಕಡಾ 46 ಜನ ಯಾವ ಸಕ್ಕರೆ ಮಾತ್ರೆಯೂ ಇಲ್ಲದೆ ರೆಮಿಷನ್‌ಗೆ ಬಂದಿದ್ದರು. ರೆಮಿಷನ್ ಅಂದರೆ ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರುವುದು. ಆ ಹೊತ್ತಿಗೆ ಔಷಧಿ ಖರ್ಚು ಸುತ್ತಲಿನ ಸರಾಸರಿಗಿಂತ ವರ್ಷಕ್ಕೆ 50,885 ಪೌಂಡ್ ಕಡಿಮೆ ಆಗಿತ್ತು.

2023ರ ವರದಿ ಇನ್ನೂ ದೊಡ್ಡದು. 186 ಜನ, ಸರಾಸರಿ 33 ತಿಂಗಳು. ತೂಕ ಸುಮಾರು 10 ಕೆಜಿ ಇಳಿದಿತ್ತು. ರೆಮಿಷನ್ ಶೇಕಡಾ 51. ರೆಮಿಷನ್‌ಗೆ ಬಾರದವರಲ್ಲೂ ಹೆಚ್ಚಿನವರ ಸಕ್ಕರೆ ಮೊದಲಿಗಿಂತ ಸುಧಾರಿಸಿತ್ತು. ಮೇಲಿನ ಬಿಪಿ ಸರಾಸರಿ 12 ಇಳಿದಿತ್ತು. ಮೊಟ್ಟೆ, ಮಾಂಸ ತಿಂದರೆ ಕೊಲೆಸ್ಟರಾಲ್ ಏರುತ್ತದೆ ಎನ್ನುವ ಭಯ ಎಲ್ಲರಿಗೂ ಇರುತ್ತದಲ್ಲ. ಇಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಸರಾಸರಿ 19 ಮಿಲಿಗ್ರಾಂನಷ್ಟು, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 80 ಮಿಲಿಗ್ರಾಂನಷ್ಟು ಇಳಿದಿತ್ತು. ಇದು ಸರಾಸರಿ ಮಾತ್ರ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಇಂಥ ಊಟದಲ್ಲಿ ಕೆಲವರ ಎಲ್‌ಡಿಎಲ್ ಏರುವುದೂ ಉಂಟು. ಹಾಗಾಗಿ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ದುಡ್ಡು ಉಳಿದದ್ದು ಎಲ್ಲಿಂದ

ಮೆಟ್‌ಫಾರ್ಮಿನ್ ಹಳೆಯ ಔಷಧಿ, ಪೇಟೆಂಟ್ ಯಾವತ್ತೋ ಮುಗಿದಿದೆ, ಬೆಲೆ ತೀರಾ ಕಡಿಮೆ. ಯಾರೋ ಒಬ್ಬರು ಮೆಟ್‌ಫಾರ್ಮಿನ್ ಬಿಟ್ಟರೆ ಎನ್‌ಎಚ್‌ಎಸ್‌ಗೆ ಹೇಳಿಕೊಳ್ಳುವಂಥ ಉಳಿತಾಯ ಏನೂ ಆಗುವುದಿಲ್ಲ. ದುಬಾರಿ ಆಗುವುದು ಮೇಲಿನ ಮೆಟ್ಟಿಲುಗಳಲ್ಲಿ. ಪೇಟೆಂಟ್ ಇರುವ ಹೊಸ ಮಾತ್ರೆ, ವಾರಕ್ಕೊಮ್ಮೆಯ ಚುಚ್ಚುಮದ್ದು, ಹೊಸ ಬಗೆಯ ಇನ್ಸುಲಿನ್, ಅದರ ಜೊತೆಗೆ ಸೂಜಿ, ಸಕ್ಕರೆ ನೋಡುವ ಸ್ಟ್ರಿಪ್. ಅಂದರೆ ಇಲ್ಲಿ ದೊಡ್ಡ ಮೊತ್ತ ಉಳಿಯುವುದು ನಿಲ್ಲಿಸಿದ ಔಷಧಿಯಿಂದ ಅಷ್ಟಲ್ಲ, ಶುರು ಮಾಡುವ ಅಗತ್ಯವೇ ಬಾರದ ಔಷಧಿಯಿಂದ. ಈ ವ್ಯತ್ಯಾಸವನ್ನು ಹಿಡಿದುಕೊಳ್ಳದೆ ಖರ್ಚಿನ ಅಂಕಿ ನೋಡಿದರೆ ತಪ್ಪು ಅರ್ಥ ಆಗುತ್ತದೆ.

ಕ್ಲಿನಿಕ್ಕಿನ ಪಟ್ಟಿಯಲ್ಲಿರುವ ಎಲ್ಲರ ತಲೆಗೆ ಹಂಚಿ ನೋಡಿದಾಗ, ಸಕ್ಕರೆ ಕಾಯಿಲೆಯ ಔಷಧಿಗೆ ನಾರ್ವುಡ್‌ನಲ್ಲಿ ಆಗುತ್ತಿದ್ದದ್ದು ವರ್ಷಕ್ಕೆ ತಲಾ 4.94 ಪೌಂಡ್. ಅಕ್ಕಪಕ್ಕದ ಕ್ಲಿನಿಕ್ಕುಗಳಲ್ಲಿ 11.30 ಪೌಂಡ್. ಅರ್ಧಕ್ಕಿಂತ ಕಡಿಮೆ. ಕಾಯಿಲೆ ಇದ್ದವರಲ್ಲಿ ಶೇಕಡಾ 39ರಷ್ಟು ಜನ ಮಾತ್ರ ಊಟ ಬದಲಿಸಿದರೂ ಇಷ್ಟು ವ್ಯತ್ಯಾಸ. ಇಡೀ ಇಂಗ್ಲೆಂಡಿನಲ್ಲಿ ಜಿಪಿ ಮಟ್ಟದ ಸಕ್ಕರೆ ಕಾಯಿಲೆ ಔಷಧಿಯ ಖರ್ಚು 2017-18ರಲ್ಲಿ ನೂರು ಕೋಟಿ ಪೌಂಡ್ ದಾಟಿತು ಎನ್ನುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಈಗ ಆ ಉಳಿದ ದುಡ್ಡು ಎಲ್ಲಿ ಹೋಯಿತು? ಕ್ಲಿನಿಕ್ಕಿಗಂತೂ ಬರಲಿಲ್ಲ. ಔಷಧಿಯ ಬಜೆಟ್ಟು ಇರುವುದು ಆ ಪ್ರದೇಶದ ಆರೋಗ್ಯ ಮಂಡಳಿಯ ಕೈಯಲ್ಲಿ. ಸಂಜೆಯ ಗುಂಪು ನಡೆಸಲು ಬೇಕಾದ ಸಮಯ, ನರ್ಸ್‌ಗಳ ದುಡಿಮೆ, ಪದೇಪದೇ ಮಾಡುವ ಪರೀಕ್ಷೆ ಎಲ್ಲ ಕ್ಲಿನಿಕ್ಕಿನ ಮೇಲೆ. ಉಳಿತಾಯ ಮಾತ್ರ ಬೇರೆ ಲೆಕ್ಕದಲ್ಲಿ. ಮಾತ್ರೆ ಬರೆಯಲು ಎರಡು ನಿಮಿಷ ಸಾಕು. ಒಬ್ಬರ ಅಡುಗೆಮನೆಯ ಬಗ್ಗೆ ಮಾತಾಡಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ದುಡ್ಡು ಕೊಡುವ ಏರ್ಪಾಡು ಇಲ್ಲದಿದ್ದರೆ ಬೇರೆ ಕ್ಲಿನಿಕ್ಕುಗಳು ಯಾಕೆ ಇದನ್ನು ಕೈಗೆತ್ತಿಕೊಳ್ಳುತ್ತವೆ? ಅನ್ವಿನ್ ಅವರಿಗೆ 2016ರಲ್ಲಿ ಎನ್‌ಎಚ್‌ಎಸ್ ವರ್ಷದ ಹೊಸತನದ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಸರಿ. ಆದರೆ ದುಡ್ಡಿನ ಹಾದಿ ಸರಿಹೋಗದೆ ಒಬ್ಬ ಉತ್ಸಾಹಿ ಡಾಕ್ಟರ ಕೆಲಸ ಊರೂರಿಗೆ ಹರಡುವುದು ಕಷ್ಟ ಅಂತಲೇ ನನಗೆ ಅನಿಸುತ್ತದೆ.

ರೋಗಿಯ ಕಡೆಯಿಂದಲೂ ಒಂದು ವಿಚಿತ್ರ ಇದೆ. ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೂ ಇಷ್ಟು ಅಂತ ಶುಲ್ಕ ಇದೆ. 2024ರ ಮೇನಿಂದ ಅದು 9.90 ಪೌಂಡ್. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ವಿನಾಯಿತಿ ಪತ್ರ ಸಿಗುತ್ತದೆ. ಅದು ಇದ್ದರೆ ಬೇರೆ ಕಾಯಿಲೆಯ ಔಷಧಿಯೂ ಸೇರಿ ಎಲ್ಲ ಉಚಿತ. ಆದರೆ ಊಟದಿಂದಲೇ ಕಾಯಿಲೆಯನ್ನು ಹತೋಟಿಯಲ್ಲಿ ಇಟ್ಟುಕೊಂಡವರಿಗೆ ಈ ಪತ್ರ ಇಲ್ಲ! 60 ದಾಟಿದವರಿಗೆ ಹೇಗೂ ಉಚಿತ, ಹಾಗಾಗಿ ಅವರಿಗೆ ತೊಂದರೆ ಇಲ್ಲ. ಐವತ್ತರ ಆಸುಪಾಸಿನಲ್ಲಿ, ಆಸ್ತಮಾದಂಥ, ಬೇರೆ ಯಾವ ವಿನಾಯಿತಿಗೂ ಬಾರದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಕಷ್ಟಪಟ್ಟು ಸಕ್ಕರೆ ಮಾತ್ರೆ ಬಿಟ್ಟರೆ ಏನಾಗಬಹುದು ಯೋಚಿಸಿ. ಇನ್ಹೇಲರ್‌ಗೆ ಮತ್ತೆ ಕೈಯಿಂದ ಕೊಡಬೇಕು. ನಿಯಮ ಮಾಡಿದವರು ಇದನ್ನು ಉದ್ದೇಶಿಸಿರಲಿಕ್ಕಿಲ್ಲ. ಆದರೂ ಇದನ್ನು ತಿದ್ದಬೇಕು.

ಎಷ್ಟು ನಂಬಬಹುದು

ಇದು ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ ಅಲ್ಲ. ಮನಸ್ಸಿದ್ದವರು ತಾವಾಗಿ ಸೇರಿಕೊಂಡರು. ಆರು ವರ್ಷದ ಕೊನೆಗೂ ಸೇರಿದವರು ಶೇಕಡಾ 27, ಆಮೇಲೆ 39. ಉಳಿದವರು ಸೇರಲಿಲ್ಲ, ಇಲ್ಲ ನಿಲ್ಲಲಿಲ್ಲ. ಮನಸ್ಸು ಮಾಡಿದವರ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸುವ ಹಾಗಿಲ್ಲ. ಹುರುಪಿನ ಒಬ್ಬ ಡಾಕ್ಟರು, ಮನಶ್ಶಾಸ್ತ್ರ ಬಲ್ಲ ಹೆಂಡತಿ, ವರ್ಷಗಟ್ಟಲೆ ಅದೇ ಕ್ಲಿನಿಕ್ಕಿಗೆ ಬರುವ ಪರಿಚಯದ ರೋಗಿಗಳು. ಊಟದ ಪಾಲೆಷ್ಟು, ಈ ಒಡನಾಟದ ಪಾಲೆಷ್ಟು ಅಂತ ಬೇರ್ಪಡಿಸುವುದು ಸುಲಭವಲ್ಲ. ಅಕ್ಕಪಕ್ಕದ ಕ್ಲಿನಿಕ್ಕುಗಳ ಜೊತೆ ಖರ್ಚು ಹೋಲಿಸುವಾಗಲೂ ರೋಗಿಗಳ ವಯಸ್ಸು, ಡಾಕ್ಟರುಗಳು ಔಷಧಿ ಬರೆಯುವ ಅಭ್ಯಾಸ ಎಲ್ಲ ಒಂದೇ ಇರುವುದಿಲ್ಲ.

ಬ್ರಿಟನ್ನಿನ ಪೋಷಣೆಯ ವೈಜ್ಞಾನಿಕ ಸಲಹಾ ಸಮಿತಿ 2021ರಲ್ಲಿ ಬೇರೆ ಬೇರೆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ತೂಕ ಜಾಸ್ತಿ ಇರುವ ಟೈಪ್ 2 ರೋಗಿಗಳಿಗೆ ಪಿಷ್ಟ ಕಡಿಮೆ ಇರುವ ಊಟ ಆರು ತಿಂಗಳವರೆಗೆ ಉಪಯೋಗಕ್ಕೆ ಬರುವ ಒಂದು ಆಯ್ಕೆ ಅಂತ ಒಪ್ಪಿಕೊಂಡಿತು. ವರ್ಷ ದಾಟಿದ ಮೇಲೆ ಬೇರೆ ಊಟಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ ಅಂತಲೂ ಹೇಳಿತು. ವರ್ಷ ಕಳೆದಂತೆ ಜನ ಹಳೆಯ ಊಟಕ್ಕೆ ಜಾರುವುದು ಇದಕ್ಕೆ ಒಂದು ಕಾರಣ. ನಾರ್ವುಡ್‌ನಲ್ಲಿ ವರ್ಷಗಳು ದಾಟಿದರೂ ಫಲ ಉಳಿದಿದ್ದು ಜೊತೆಗಿನ ಬೆಂಬಲದಿಂದ ಇರಬಹುದು ಅಂತ ನನ್ನ ಅನಿಸಿಕೆ.

ಇದೊಂದೇ ದಾರಿ ಅಂತಲೂ ಅಲ್ಲ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ ನಡೆದ ಡೈರೆಕ್ಟ್ ಎಂಬ ಪ್ರಯೋಗದ ಫಲ 2017ರಲ್ಲಿ ಬಂತು. ಅಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕುಗಳನ್ನು ಕೆಲವು ತಿಂಗಳು ಕೊಟ್ಟು, ಆಮೇಲೆ ನಿಧಾನಕ್ಕೆ ಮಾಮೂಲಿ ಊಟಕ್ಕೆ ತಂದರು. ಒಂದು ವರ್ಷಕ್ಕೆ ಶೇಕಡಾ 46 ಜನ ರೆಮಿಷನ್‌ನಲ್ಲಿ ಇದ್ದರು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಶೇಕಡಾ 86. ಅದು ಸರಿಯಾಗಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ. ದಾರಿ ಬೇರೆಯಾದರೂ ಲಿವರ್ ಮತ್ತು ಮೇದೋಜ್ಜೀರಕದಲ್ಲಿ ಕೂತ ಕೊಬ್ಬು ಕರಗಿದರೆ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುತ್ತದೆ ಅಂತ ತೋರಿಸಿತು. ನಾರ್ವುಡ್ ತೋರಿಸಿದ್ದು, ಅದಕ್ಕೆ ಪುಡಿ ಪ್ಯಾಕೆಟ್ಟೇ ಬೇಕಾಗಿಲ್ಲ, ಅಂಗಡಿಯ ಮಾಮೂಲಿ ತರಕಾರಿ, ಮೊಟ್ಟೆಯಿಂದಲೂ ಆಗಬಹುದು ಅಂತ.

ಮಾತ್ರೆ ಇಳಿಸುವ ಕೆಲಸ

ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ಬಿಡಬಾರದು. ಈ ಪ್ರಕರಣದಲ್ಲಿ ಡಾಕ್ಟರುಗಳು ಜಾಸ್ತಿ ಎಚ್ಚರ ವಹಿಸಿದ್ದು ಇಲ್ಲೇ.

ಗ್ಲಿಕ್ಲಜೈಡ್ ಗುಂಪಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಆ ಔಷಧಿಯ ಪ್ರಮಾಣವನ್ನು ಊಟ ಬದಲಿಸುವ ಹೊತ್ತಿಗೇ ಡಾಕ್ಟರು ಇಳಿಸಬೇಕು. ಎಸ್‌ಜಿಎಲ್‌ಟಿ2 ಗುಂಪಿನದು ಇನ್ನೂ ಸೂಕ್ಷ್ಮ. ಈ ಮಾತ್ರೆ ನುಂಗುತ್ತಾ ಪಿಷ್ಟವನ್ನು ತುಂಬಾ ಕಡಿಮೆ ಮಾಡಿದರೆ ಕೀಟೊಆಸಿಡೋಸಿಸ್ ಎಂಬ ಪ್ರಾಣಕ್ಕೆ ಅಪಾಯ ತರುವ ಸ್ಥಿತಿ ಬರಬಹುದು. ರಕ್ತದ ಸಕ್ಕರೆ ಅಷ್ಟೇನೂ ಏರಿರದಿದ್ದರೂ ಇದು ಬರುತ್ತದೆ, ಹಾಗಾಗಿ ಗೊತ್ತಾಗುವುದು ತಡ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲೇ ಬಿಪಿ ಮಾತ್ರೆ ಮುಂದುವರಿಸಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಯಾವ ಔಷಧಿಯನ್ನು ಯಾವಾಗ ಇಳಿಸಬೇಕು ಅಂತ ಅನ್ವಿನ್ ಮತ್ತು ಇತರ ಡಾಕ್ಟರುಗಳು ಸೇರಿ 2019ರಲ್ಲಿ ಜಿಪಿಗಳಿಗಾಗಿಯೇ ಒಂದು ಮಾರ್ಗದರ್ಶಿ ಬರೆದರು. ಬೇರೆ ಡಾಕ್ಟರುಗಳ ಕೈಗೆ ಕೊಡಬೇಕಾದದ್ದು ಊಟದ ಪಟ್ಟಿಗಿಂತ ಮೊದಲು ಇದೇ. ಟೈಪ್ 1 ಕಾಯಿಲೆ ಇರುವವರಿಗೆ ಇನ್ಸುಲಿನ್ ಇಲ್ಲದೆ ಬದುಕೇ ಇಲ್ಲ. ರೆಮಿಷನ್ನಿನ ಮಾತು ಅವರಿಗೆ ಅಲ್ಲ.

ಬೇಗ ಶುರು ಮಾಡಿದರೆ

2023ರ ವರದಿಯಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಎರಡು ಅಂಕಿಗಳನ್ನು. ಕಾಯಿಲೆ ಪತ್ತೆಯಾಗಿ ವರ್ಷದೊಳಗೆ ಊಟ ಬದಲಿಸಿದವರಲ್ಲಿ ಶೇಕಡಾ 77 ಜನ ರೆಮಿಷನ್‌ಗೆ ಬಂದರು. 15 ವರ್ಷ ದಾಟಿದವರಲ್ಲಿ ಶೇಕಡಾ 20. ಒಂದೇ ಡಾಕ್ಟರು, ಒಂದೇ ಚಾರ್ಟು, ಒಂದೇ ಊಟ. ಆದರೆ ಮಾತಾಡಿದ ಸಮಯ ಬೇರೆ. ಹಾಗಂತ ಹಳಬರಿಗೆ ಹೇಳುವುದೇ ದಂಡ ಅಂತಲ್ಲ. ಹದಿನೈದು ವರ್ಷದ ಕಾಯಿಲೆಯವರಲ್ಲೂ ಐದರಲ್ಲಿ ಒಬ್ಬರು ಮಾತ್ರೆಯಿಂದ ಹೊರಬಂದಿದ್ದಾರೆ ಅಂದರೆ ಅದೇನು ಕಡಿಮೆಯಲ್ಲ.

ಅದಕ್ಕೂ ಮೊದಲಿನ ಹಂತ ಪ್ರೀಡಯಾಬಿಟಿಸ್. ಸಕ್ಕರೆ ಅಂಚಿಗೆ ಬಂದಿದೆ, ಕಾಯಿಲೆ ಇನ್ನೂ ಆಗಿಲ್ಲ. 2020ರ ಲೆಕ್ಕದಲ್ಲಿ ಇಂಥವರು 71 ಜನ ಇದ್ದರು. ಅವರಲ್ಲಿ ಶೇಕಡಾ 93 ಜನರ ಎಚ್‌ಬಿಎ1ಸಿ ಮಾಮೂಲಿ ಮಟ್ಟಕ್ಕೆ ಬಂತು. ಇವರಿಗೆ ಔಷಧಿಯೇ ಶುರುವಾಗಿಲ್ಲ, ಹಾಗಾಗಿ ಉಳಿತಾಯದ ಪಟ್ಟಿಯಲ್ಲಿ ಇವರು ಯಾರಿಗೂ ಕಾಣುವುದಿಲ್ಲ. ಖರ್ಚು ತಗ್ಗಿಸುವ ಸಭೆಗಳಲ್ಲಿ ಇವರ ಹೆಸರು ಬರುವುದಿಲ್ಲ. ಆದರೆ ಐದು ಹತ್ತು ವರ್ಷದ ಮೇಲೆ ದುಬಾರಿ ಮೆಟ್ಟಿಲು ಹತ್ತಬೇಕಾಗಿದ್ದವರು ಇವರೇ.

ನಾರ್ವುಡ್‌ನಲ್ಲಿ ರೆಮಿಷನ್‌ಗೆ ಬಂದವರಿಗೂ ತಪಾಸಣೆ ನಿಲ್ಲುವುದಿಲ್ಲ. ಊಟ ಹಳೆಯ ಹಾದಿಗೆ ಬಂದರೆ ಸಕ್ಕರೆಯೂ ಮರಳಿ ಏರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಎಚ್‌ಬಿಎ1ಸಿ ನೋಡಬೇಕು. ಹಳೆಯ ವರ್ಷಗಳ ಹಾನಿ ಒಳಗೆ ಇರಬಹುದು ಎನ್ನುವ ಕಾರಣಕ್ಕೆ ಕಣ್ಣು, ಪಾದ, ಕಿಡ್ನಿ ಪರೀಕ್ಷೆಗೂ ಕರೆಸುತ್ತಾರೆ. ಚೀಟಿಯಲ್ಲಿ ಒಂದೂ ಸಕ್ಕರೆ ಮಾತ್ರೆ ಇಲ್ಲದವರೂ ಆ ದಿನ ಬಂದು ತೂಕ ನೋಡಿಸಿಕೊಂಡು, ರಕ್ತ ಕೊಟ್ಟು ಹೋಗಬೇಕು.